ಮಗಳ ಎದುರಿನ ಸೀಟು

ನಮ್ಮ ಮನೆಯಿಂದ ನಾಲ್ಕು ಜನ ಹೊರಟರೆ ಮೂರು ಜನ ತಲುಪುತ್ತೇವೆ. ನಾಲ್ಕನೆಯವರು ಆಮೇಲೆ ಬರುತ್ತಾರೆ. ಇದು ಇವತ್ತು ನಿನ್ನೆಯ ಕಥೆಯಲ್ಲ, ಮದುವೆಯಾದ ಲಾಗಾಯ್ತಿನಿಂದ ನಡೆದುಕೊಂಡು ಬಂದಿದೆ. ಆ ನಾಲ್ಕನೆಯವರು ಯಾರು ಎಂದು ಈಗಲೇ ಹೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ, ಹಾಗಾಗಿ ಹೇಳುವುದಿಲ್ಲ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಅಂಗೈಯಗಲದ ಕನ್ನಡಿ

ನಾವಿರುವುದು ಅಟ್ಲಾಂಟಾದ ಪಕ್ಕ ಜಾನ್ಸ್ ಕ್ರೀಕಿನಲ್ಲಿ. ಇಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಮರೆತು ಬಂದರೂ ಕಾರು ತೆಗೆಯಬೇಕು. ಮಗಳ ಸ್ಕೂಲು, ಈಜು, ವಯಲಿನ್, ಭಾನುವಾರದ ಕನ್ನಡ ಕ್ಲಾಸು, ಎಲ್ಲಕ್ಕೂ ನಾನೇ ಡ್ರೈವರು. ನಾನು ಮುಂದೆ, ಅವಳು ಹಿಂದೆ. ಹೀಗೆ ಎಷ್ಟೋ ವರ್ಷ ನನ್ನ ಹೆತ್ತ ಮಗಳ ಮುಖವನ್ನು ನಾನು ಅಂಗೈಯಗಲದ ಕನ್ನಡಿಯಲ್ಲಿ ನೋಡಿದ್ದೇನೆ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದು, ತೆಗೆಸಿದ್ದು, ಹುಬ್ಬು ತಿದ್ದಿಸಿದ್ದು, ಎಲ್ಲವೂ ಅದರಲ್ಲೇ ನಡೆದುಹೋಯಿತು.

ಕೋವಿಡ್ ಬಂದು ಸ್ಕೂಲು ಮನೆಯೊಳಕ್ಕೆ ಬಂದಾಗ ಅವಳ ಕಿವಿಗೆ ಒಂದು ಹೆಡ್‌ಫೋನು ಏರಿತು. ಸ್ಕೂಲು ಮತ್ತೆ ತೆರೆದರೂ ಅದು ಇಳಿಯಲಿಲ್ಲ. ಹದಿನಾರು ತುಂಬಿ ಲೈಸೆನ್ಸ್ ಸಿಕ್ಕಿದ ಮೇಲೆ ತಾನೇ ಕಾರು ಓಡಿಸಿಕೊಂಡು ಹೋಗತೊಡಗಿದಳು. ಕನ್ನಡಿಯೂ ಖಾಲಿಯಾಯಿತು. ಈಗ ಹದಿನೆಂಟು. ಆಗಸ್ಟಿನಲ್ಲಿ ನಾರ್ತ್ ಕೆರೊಲಿನಾದ ಕಾಲೇಜಿಗೆ ಹೊರಡುವವಳಿದ್ದಳು.

ನಾನು ದಾವಣಗೆರೆಯವಳು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಅಮ್ಮ ನನ್ನ ಎದುರಿನ ಸೀಟಿನಲ್ಲಿ ಕೂರುತ್ತಿದ್ದಳು, ಮೊಣಕಾಲಿಗೆ ಮೊಣಕಾಲು ತಾಕುವ ಹಾಗೆ. ವರ್ಷವಿಡೀ ಅಡುಗೆಮನೆಯಲ್ಲಿ ಬೆನ್ನು ಮಾತ್ರ ಕಾಣಿಸುತ್ತಿದ್ದ ಅಮ್ಮ, ರೈಲಿನಲ್ಲಿ ಮುಖ ಕೊಟ್ಟು ಕೂರುತ್ತಿದ್ದಳು. ನನ್ನ ಮಾರ್ಕ್ಸು, ನನ್ನ ಗೆಳತಿಯರು, ನನ್ನ ಸುಳ್ಳು, ಎಲ್ಲ ಅಲ್ಲೇ ಹೊರಗೆ ಬರುತ್ತಿತ್ತು.

ಅದಕ್ಕೇ ಬೇಸಿಗೆಯಲ್ಲಿ ಯುರೋಪಿಗೆ ಹೋಗೋಣ ಎಂದು ಮಾತು ಬಂದಾಗ ನಾನು ಒಂದೇ ಮಾತು ಹೇಳಿದೆ: "ರೀ, ಕಾರು ಬೇಡ. ಟ್ರೈನಲ್ಲಿ ಹೋಗೋಣ. ಅವಳು ಹೊರಡೋ ಮುಂಚೆ ಒಂದೇ ಒಂದ್ಸಲ ಅವಳ ಎದುರಿಗೆ ಕೂತ್ಕೋಬೇಕು ನಾನು."

ನಮ್ಮವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅದಕ್ಕೆ ಯುರೋಪ್ ಯಾಕೆ? ಡೈನಿಂಗ್ ಟೇಬಲ್ ಇದ್ಯಲ್ಲ," ಅಂದರು. ಆ ಟೇಬಲ್ಲಿನ ಮೇಲೆ ಅವರ ಎರಡು ಮಾನಿಟರುಗಳು ಬಂದು ಕೂತು ಐದು ವರ್ಷವಾಗಿತ್ತು.

ಎರಡನೇ ಗೇರು

ನಮ್ಮವರು ಪ್ಯಾರಿಸ್ಸಿನಲ್ಲಿ ಬಾಡಿಗೆ ಕಾರು ಹಿಡಿದು ವಿಯೆನ್ನಾದವರೆಗೆ ತಾವೇ ಓಡಿಸುವುದೆಂದು ನಕ್ಷೆ ಹಾಕಿಟ್ಟಿದ್ದರು. ಆ ವಾರಕ್ಕೆ ಆಟೊಮ್ಯಾಟಿಕ್ ಕಾರುಗಳೆಲ್ಲ ಮುಗಿದು, ಗೇರಿನವೇ ಉಳಿದಿದ್ದವು. "ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಗೇರ್ ಕಾರ್ ಓಡಿಸಿದವನು," ಎಂದು ಎದೆ ಉಬ್ಬಿಸಿದರು. ಓಡಿಸಿದ್ದು ನಿಜ. ಇಪ್ಪತ್ತು ವರ್ಷದ ಹಿಂದೆ.

ನಾಲ್ಕು ಗಂಟೆ ದೂರದ ಶಾರ್ಲಟ್ಟಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಇವರ ಗೆಳೆಯರೊಬ್ಬರಿದ್ದಾರೆ, ಉಡುಪಿ ಕಡೆಯವರು. ಅವರ ಹತ್ತಿರ ಒಂದು ಹಳೇ ಗೇರ್ ಕಾರಿತ್ತು. ಒಂದು ಭಾನುವಾರ ಅಲ್ಲಿಗೇ ಹೋದೆವು. ಆಗಷ್ಟೇ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯೂ ಜೊತೆಗಿದ್ದರು. ಸುತ್ತ ಗಾಜಿನ ಆಫೀಸು ಕಟ್ಟಡಗಳು, ನಡುವೆ ಒಂದು ನರಪಿಳ್ಳೆಯೂ ಇಲ್ಲದ ಪಾರ್ಕಿಂಗ್ ಲಾಟು. ನಮ್ಮವರು ಡ್ರೈವರ್ ಸೀಟಿನಲ್ಲಿ, ಗೆಳೆಯರು ಪಕ್ಕದಲ್ಲಿ, ನಾವು ಮೂವರು ಹೆಂಗಸರು ಹಿಂದೆ.

ಕಾರು ಕೋಲೆಬಸವನ ಹಾಗೆ ತಲೆಯಾಡಿಸುತ್ತಾ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತಿತು.

"ಕ್ಲಚ್ ಮೆಲ್ಲ ಬಿಡಿ ಮಾರಾಯ್ರೆ, ಮೆಲ್ಲ," ಎಂದರು ಗೆಳೆಯರು, ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಅಷ್ಟು ಹೊತ್ತಿಗೆ ಸೆಕ್ಯೂರಿಟಿಯವನು ತನ್ನ ಪುಟ್ಟ ಗಾಡಿಯಲ್ಲಿ ಬಂದು, ಏನಾದರೂ ಸಹಾಯ ಬೇಕೇ, ವೈದ್ಯರನ್ನು ಕರೆಯಬೇಕೇ ಎಂದು ವಿಚಾರಿಸಿದ. ಮಗಳು ಹೆಡ್‌ಫೋನಿನ ಒಂದು ಕಿವಿ ಸರಿಸಿ, "ವಿ ಆರ್ ಫೈನ್. ದಿಸ್ ಈಸ್ ಅವರ್ ವೆಕೇಶನ್," ಅಂದಳು.

ನಮ್ಮವರು ಹಣೆಯ ಬೆವರು ಒರೆಸಿಕೊಂಡು, "ಈ ಕಾರೇ ಸರಿ ಇಲ್ಲ. ಇದ್ರಲ್ಲಿ ಸೆಕೆಂಡ್ ಗೇರ್ ಎಲ್ಲಿದೆ?" ಎಂದು ಗೊಣಗಿದರು.

ಅತ್ತೆ ಹಿಂದಿನಿಂದ ಶಾಂತವಾಗಿ ಹೇಳಿದರು: "ಅದನ್ನ ನೀನು ಬೆಂಗಳೂರಲ್ಲೇ ಬಿಟ್ಟು ಬಂದಿದೀಯ ಕಣೋ."

ಅವತ್ತು ಸಂಜೆಯೇ ರೈಲಿನ ಟಿಕೆಟ್ಟು ಬುಕ್ ಆಯಿತು.

ರಿಹರ್ಸಲ್

ರೈಲು ಎಂದು ತೀರ್ಮಾನವಾದ ಕೂಡಲೇ ನಮ್ಮವರು ರೈಲಿನ ಪಂಡಿತರಾದರು. "ಅಲ್ಲಿ ಟ್ರೈನು ಯಾರಿಗೂ ಕಾಯಲ್ಲ. ಒಂದು ನಿಮಿಷ, ಎರಡು ನಿಮಿಷ, ಅಷ್ಟೇ. ಹತ್ತೋದು ಇಳಿಯೋದು ಪ್ರಾಕ್ಟೀಸ್ ಮಾಡ್ಬೇಕು," ಎಂದು ಒಂದು ಶನಿವಾರ ನಮ್ಮೆಲ್ಲರನ್ನೂ ತುಂಬಿದ ಸೂಟ್‌ಕೇಸುಗಳ ಸಮೇತ ಹೊರಡಿಸಿದರು. ಅರ್ಧ ಗಂಟೆ ಕಾರು ಓಡಿಸಿ, ಏರ್‌ಪೋರ್ಟಿನವರೆಗೆ ಹೋಗುವ ಅಟ್ಲಾಂಟಾದ ಸಿಟಿ ಟ್ರೈನು ಹತ್ತಿದೆವು. ಫೋನಿನಲ್ಲಿ ಸೆಕೆಂಡು ಎಣಿಸುತ್ತಾ ನಮ್ಮನ್ನು ಮೂರು ಸ್ಟೇಷನ್ನುಗಳಲ್ಲಿ ಹತ್ತಿಸಿ ಇಳಿಸಿದರು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ವಿಶ್ವಾಸದಿಂದ, ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಏರ್‌ಪೋರ್ಟಿಗೆ ಎಂದೆ. ಅಲ್ಲಿಂದ ಮುಂದೆ ಎಂದರು. ವಾಪಸ್ ಮನೆಗೆ ಎಂದೆ. ಅವರು ಸ್ವಲ್ಪ ಯೋಚಿಸಿ, ಎದ್ದು, ಬೇರೆ ಬೋಗಿಗೆ ಹೋದರು.

ನಾಲ್ಕು ಕಿಟಕಿ

ಪ್ಯಾರಿಸ್ಸಿನಿಂದ ಜೂರಿಕ್‌ಗೆ ನಾಲ್ಕು ಗಂಟೆಯ ದಾರಿ. ಸೀಟು ಕಾದಿರಿಸಿದವರು ನಮ್ಮವರು. ನಾನು ಬೆಳಿಗ್ಗೆಯೇ ತಲೆ ಸ್ನಾನ ಮಾಡಿ ಒಳ್ಳೆಯ ಕುರ್ತಾ ಹಾಕಿಕೊಂಡಿದ್ದೆ. ನಗಬೇಡಿ, ಮಗಳ ಎದುರಿಗೆ ಕೂರುವುದಿತ್ತು.

ಒಳಗೆ ಹೋಗಿ ನೋಡಿದರೆ ನನ್ನದು ಒಂದು ಸಾಲು, ಮಗಳದು ಐದು ಸಾಲು ಮುಂದೆ, ಅತ್ತೆಯದು ಬಾಗಿಲ ಹತ್ತಿರ, ಇವರದು ಇನ್ನೆಲ್ಲೋ ಹಿಂದೆ.

"ಏನ್ರೀ ಇದು?" ಅಂದೆ.

"ನಾಲ್ಕೂ ವಿಂಡೋ ಸೀಟು!" ಎಂದರು, ಪ್ರಶಸ್ತಿ ತಂದವರ ಹಾಗೆ. "ಚಿಕ್ಕೋನಿದ್ದಾಗ ನಮ್ಮಣ್ಣ ಒಂದ್ಸಲಾನೂ ನಂಗೆ ಕಿಟಕಿ ಬಿಟ್ಕೊಟ್ಟಿಲ್ಲ ಕಣೆ. ನಮ್ಮನೇಲಿ ಯಾರಿಗೂ ಹಾಗಾಗ್ಬಾರ್ದು ಅಂತ."

ಬೈಯೋಣವೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಪಾಪ, ನಲವತ್ತು ವರ್ಷದ ಆಸೆ. ನನಗೊಂದು ಆಸೆಯಾದರೆ ಅವರಿಗೊಂದು.

ಆದರೂ ಮನಸ್ಸು ತಡೆಯಲಿಲ್ಲ. ಮಗಳ ಪಕ್ಕದಲ್ಲಿ ಹೆಣಿಗೆ ಹಾಕುತ್ತಿದ್ದ ಒಬ್ಬ ಫ್ರೆಂಚ್ ಅಜ್ಜಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಕೇಳಿಕೊಂಡೆ. ಅಮ್ಮಾ, ಇವಳು ನನ್ನ ಮಗಳು. ಆಗಸ್ಟಿನಲ್ಲಿ ಮನೆ ಬಿಟ್ಟು ಕಾಲೇಜಿಗೆ ಹೋಗುತ್ತಾಳೆ. ದಯವಿಟ್ಟು ನನ್ನ ಕಿಟಕಿ ಸೀಟು ನೀವು ತೆಗೆದುಕೊಂಡು ನಿಮ್ಮದು ನನಗೆ ಕೊಡುತ್ತೀರಾ? ನಮ್ಮ ಕಡೆ ಇಷ್ಟು ಹೇಳಿದರೆ ಇಡೀ ಬೋಗಿಯೇ ಎದ್ದು ನಿಂತು ಜಾಗ ಬಿಟ್ಟುಕೊಡುತ್ತದೆ.

ಆ ಅಜ್ಜಿ ಕಡ್ಡಿ ಕೆಳಗಿಟ್ಟರು. ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾದ ಹಾಗಿತ್ತು. ತನಗೂ ಮೂವರು ಹೆಣ್ಣುಮಕ್ಕಳು, ಮೂವರೂ ದೂರ ಹೋದವರೇ ಎಂದರು. ಆಮೇಲೆ ನಿಧಾನವಾಗಿ ಹೇಳಿದರು: "ಹಾಗಾದರೆ ನೀವು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ."

ಮತ್ತೆ ಹೆಣಿಗೆ ಕೈಗೆತ್ತಿಕೊಂಡರು. ನಾಲ್ಕು ಗಂಟೆ ನಾನು ಐದು ಸಾಲು ಮುಂದಿನ ಒಂದು ಜುಟ್ಟು ನೋಡುತ್ತಾ ಕೂತಿದ್ದೆ.

ಕೋಡುಬಳೆ

ಜೂರಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಹೊರಟಾಗ ನಾಲ್ಕೂ ಸೀಟು ಒಂದೇ ಕಡೆ ಸಿಕ್ಕಿತು. ಆದರೆ ನಮ್ಮವರು ಹುಡುಕಿ ಹುಡುಕಿ ಮಾತಾಡಬಾರದ ಬೋಗಿಯಲ್ಲಿ ಕಾದಿರಿಸಿದ್ದರು. ಗೋಡೆಯ ಮೇಲೆ ತುಟಿಗೆ ಬೆರಳಿಟ್ಟ ಚಿತ್ರ. "ಪೀಸ್‌ಫುಲ್ ಆಗಿರುತ್ತೆ," ಎಂದು ಪಿಸುಗುಟ್ಟಿದರು. ಮಗಳು ನನ್ನ ಎದುರಿಗೇ ಇದ್ದಳು, ಮಾತಾಡುವ ಹಾಗಿಲ್ಲ. ಅವಳಿಗೇನು, ಹೆಡ್‌ಫೋನು ಹಾಕಿಕೊಂಡಳು. ನಾನು ಅವಳ ಮುಖ ನೋಡಿಕೊಂಡು ಕೂತೆ. ಅವಳು ಒಮ್ಮೆ ಕಣ್ಣೆತ್ತಿ, "ಅಮ್ಮಾ, ಯು ಆರ್ ಸ್ಟೇರಿಂಗ್," ಎಂದು ಮೆಸೇಜು ಕಳಿಸಿದಳು.

ಅತ್ತೆಗೆ ರೈಲೆಂದರೆ ರೈಲೇ. ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅರ್ಧ ಗಂಟೆ ಸುಮ್ಮನಿದ್ದರು. ಆಮೇಲೆ ಚೀಲದಿಂದ ಡಬ್ಬಿ ತೆಗೆದರು. ಹೊರಡುವ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಕರಿದ ಕೋಡುಬಳೆ, ಹದವಾಗಿ ಗರಿಗರಿಯಾಗಿ ಬಂದಿತ್ತು.

ಕರುಂ!

ಇಡೀ ಬೋಗಿ ತಿರುಗಿ ನೋಡಿತು. ಅತ್ತೆ ಗಾಬರಿಯಾಗಿ ಬಾಯಾಡಿಸುವುದನ್ನೇ ನಿಲ್ಲಿಸಿದರು. ಬಾಯಲ್ಲಿ ಅರ್ಧ ಕೋಡುಬಳೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರೈಲು ಸುರಂಗ ಹೊಕ್ಕಾಗ ಕರುಂ ಅನ್ನಿಸುತ್ತಿದ್ದರು, ಹೊರಗೆ ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಬೆಟ್ಟಗುಡ್ಡದ ದಾರಿ, ಸುರಂಗಕ್ಕೇನೂ ಕೊರತೆ ಇರಲಿಲ್ಲ. ಮೂರನೆಯ ಸುರಂಗ ಸ್ವಲ್ಪ ಚಿಕ್ಕದಾಗಿತ್ತು. ಲೆಕ್ಕ ತಪ್ಪಿತು.

ರೈಲಿನ ಟಿಕೆಟ್ ಪರೀಕ್ಷಕರು ಬಂದು, ಒಂದೂ ಮಾತಾಡದೆ, ಗೋಡೆಯ ಚಿತ್ರ ತೋರಿಸಿದರು. ಅತ್ತೆಯೂ ಒಂದೂ ಮಾತಾಡದೆ ಡಬ್ಬಿ ಮುಂದೆ ಹಿಡಿದರು. ಅವರು ಬೇಡವೆಂದು ತಲೆಯಾಡಿಸಿದರು. ಅತ್ತೆ ಡಬ್ಬಿ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವರು ಎರಡು ಬೆರಳಿನಲ್ಲಿ ಒಂದನ್ನು ಎತ್ತಿಕೊಂಡು, ಗಂಭೀರವಾಗಿ ಬೋಗಿ ದಾಟಿ, ಗಾಜಿನ ಬಾಗಿಲು ಎಳೆದುಕೊಂಡರು.

ಬಾಗಿಲಾಚೆಯಿಂದ ಕೇಳಿಸಿತು, ಕರುಂ.

ನೀರು ತುಂಬ್ಕೊಂಡ್ ಬರ್ತೀನಿ

ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾಕ್ಕೆ ಹೋಗುವುದೇ ನಮ್ಮ ಕೊನೆಯ ರೈಲು. ಈ ಸಲ ಬುಕಿಂಗನ್ನು ನಾನೇ ಕೈಗೆತ್ತಿಕೊಂಡೆ. ಮಾತಾಡಬಹುದಾದ ಬೋಗಿ, ನಡುವೆ ಟೇಬಲ್ಲು, ಎದುರು ಬದುರು ನಾಲ್ಕು ಸೀಟು. ನಾನು ಮತ್ತು ನಮ್ಮವರು ಒಂದು ಕಡೆ, ಮಗಳು ಮತ್ತು ಅತ್ತೆ ಇನ್ನೊಂದು ಕಡೆ. ಮೊಣಕಾಲಿಗೆ ಮೊಣಕಾಲು ತಾಕಿತು. ಎಷ್ಟೋ ತಿಂಗಳಿಂದ ಕಾದಿದ್ದ ಗಳಿಗೆ. ಏನು ಮಾತಾಡುವುದೆಂದು ಒಂದೂ ಹೊಳೆಯಲಿಲ್ಲ.

"ಹಸಿವಾಯ್ತಾ?" ಅಂದೆ.

"ನೋ," ಅಂದಳು, ಹೆಡ್‌ಫೋನಿನ ಒಂದು ಕಿವಿ ಎತ್ತಿ. ಮತ್ತೆ ಹಾಕಿಕೊಂಡಳು. ಇಷ್ಟಕ್ಕೆ ಇಷ್ಟು ದೂರ ಬಂದೆನಾ ಅನ್ನಿಸಿತು. ಕಿಟಕಿಯ ಕಡೆ ತಿರುಗಿಕೊಂಡೆ.

ಲಿಂಜ್ ಎಂಬ ಸ್ಟೇಷನ್ ಬಂತು. ನಮ್ಮವರು ಖಾಲಿ ಬಾಟಲಿ ಅಲ್ಲಾಡಿಸಿ ಎದ್ದರು. "ನೀರು ತುಂಬ್ಕೊಂಡ್ ಬರ್ತೀನಿ."

"ರೀ, ಬೇಡ..." ಅನ್ನುವಷ್ಟರಲ್ಲಿ ಇಳಿದಾಗಿತ್ತು. ರೈಲು ಯಾರಿಗೂ ಕಾಯುವುದಿಲ್ಲ ಎಂದು ನಮಗೆ ಸೆಕೆಂಡು ಎಣಿಸಿ ಕಲಿಸಿದ ಮಹಾನುಭಾವರು ಇವರೇ. ಆದರೆ ದೊಡ್ಡ ಸ್ಟೇಷನ್ನಿನಲ್ಲಿ ಮನೆಯ ಗಂಡಸು ಇಳಿದು ನೀರು ತರಬೇಕು. ಅದು ರಕ್ತದಲ್ಲೇ ಬಂದಿದೆ.

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಸೀಟಿ ಇಲ್ಲ, ಹಸಿರು ಬಾವುಟ ಇಲ್ಲ. ನಮ್ಮವರು ಪ್ಲಾಟ್‌ಫಾರ್ಮಿನಲ್ಲಿ ನಲ್ಲಿ ಹುಡುಕುತ್ತಾ ತಿರುಗಿ ನೋಡುವಾಗ ನಮ್ಮ ಕಿಟಕಿ ಅವರ ಮುಂದೆಯೇ ಜಾರಿಹೋಗುತ್ತಿತ್ತು. ಓಡಲಿಲ್ಲ, ಕೂಗಲಿಲ್ಲ. ಏನು ಮಾಡುವುದೆಂದು ತೋಚದೆ, ಬಾಟಲಿ ಹಿಡಿದ ಕೈ ಎತ್ತಿ ನಮಗೆ ಟಾಟಾ ಮಾಡಿದರು.

ಮಗಳು ಹೆಡ್‌ಫೋನು ಕಿತ್ತು ಟೇಬಲ್ ಮೇಲೆ ಎಸೆದಳು. "ಓ ಮೈ ಗಾಡ್, ಅಪ್ಪ!" ಎಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ನಗುತ್ತಾ ನಗುತ್ತಾ ನನ್ನ ಎರಡೂ ಕೈ ಹಿಡಿದುಕೊಂಡಳು.

ಫೋನು ಬಂತು. "ನೆಕ್ಸ್ಟ್ ಟ್ರೈನಿಗೆ ಬರ್ತೀನಿ," ಎಂದರು ನಮ್ಮವರು. ಜೊತೆಗೆ, "ನನ್ನ ಸೀಟ್ ಹಿಡ್ಕೊಂಡಿರಿ," ಎಂದರು. ಅತ್ತೆ ತಕ್ಷಣ ತಮ್ಮ ಟವೆಲ್ಲು ತೆಗೆದು ಆ ಸೀಟಿನ ಮೇಲೆ ಹಾಸಿದರು.

ಅಷ್ಟರಲ್ಲಿ ಟಿಕೆಟ್ ಕೇಳುವವರು ಬಂದರು. ನಾಲ್ವರ ಟಿಕೆಟ್ಟೂ ನಮ್ಮವರ ಕೊರಳ ಚೀಲದಲ್ಲಿ. ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು: ಟಿಕೆಟ್ಟು ಅಪ್ಪನ ಹತ್ತಿರ ಇದೆ, ಅಪ್ಪ ಲಿಂಜ್‌ನಲ್ಲಿದ್ದಾರೆ. ಆತ ಟವೆಲ್ಲನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ಇದು ಯಾವಾಗಲೂ ಹೀಗೇ ಆಗುತ್ತದೆಯೇ ಎಂದರು. ಆತ ಏನು ಕೇಳಿದರೆಂದು ಮೊಮ್ಮಗಳಿಂದ ತಿಳಿದುಕೊಂಡ ಅತ್ತೆ, "ಇವನಪ್ಪ ಅರಸೀಕೆರೇಲಿ ಮೂರು ಸಲ ಹೀಗೇ ಮಾಡಿದ್ರು ಅಂತ ಹೇಳೇ. ಪ್ರತಿ ಸಲಾನೂ ವಡೆಗೆ," ಎಂದರು. ಮಗಳು ಅದನ್ನೂ ಹೇಳಿದಳು. ಆತ ತಮ್ಮ ಟಿಕೆಟ್ ಮೆಷಿನ್ನು ಜೇಬಿಗಿಟ್ಟುಕೊಂಡು, "ವಂಶಪಾರಂಪರ್ಯದ ಕಾಯಿಲೆಗೆ ದಂಡ ಹಾಕುವುದಕ್ಕಾಗುವುದಿಲ್ಲ," ಎನ್ನುವ ಅರ್ಥದ ಮಾತು ಹೇಳಿ ಹೋದರು.

ಆಮೇಲೆ ಒಂದು ಗಂಟೆ ಅವಳು ಮಾತಾಡಿದಳು, ತನ್ನ ಕಂಗ್ಲಿಷಿನಲ್ಲಿ. ತಾತ ವಡೆಗಾಗಿ ರೈಲು ತಪ್ಪಿಸಿಕೊಂಡ ಕಥೆಯನ್ನು ಅಜ್ಜಿಯಿಂದ ಎರಡು ಸಲ ಹೇಳಿಸಿದಳು. ಕಾಲೇಜಿನ ರೂಮಿನ ಹುಡುಗಿ ಹೇಗಿರುತ್ತಾಳೋ ಎಂಬ ಭಯ ಹೇಳಿಕೊಂಡಳು. ಆಮೇಲೆ ನನ್ನ ಮುಖ ದಿಟ್ಟಿಸಿ, "ಅಮ್ಮಾ, ಯು ನೋ, ಕಾರಲ್ಲಿ ನಂಗೆ ನಿನ್ನ ಕಣ್ಣು ಮಾತ್ರ ಕಾಣ್ತಿತ್ತು. ಮಿರರ್‌ನಲ್ಲಿ. ಯಾವಾಗ್ಲೂ ಸಿಟ್ಟು ಸಿಟ್ಟು. ನನ್ ಮೇಲೆ ಕೋಪ ಅಂದ್ಕೊಂಡಿದ್ದೆ. ಅದಕ್ಕೇ ಹೆಡ್‌ಫೋನ್ಸ್," ಅಂದಳು.

"ಅದು ನಿನ್ನ ಮೇಲಲ್ಲ ಕಣೇ," ಅಂದೆ, "ಹಿಂದೆ ಬರೋ ಟ್ರಕ್ಕಿನ ಮೇಲೆ."

ಅವಳು ಮತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ನಾನು ಅವಳನ್ನು ನೋಡುತ್ತಿದ್ದೆ ಎಂದುಕೊಂಡಿದ್ದೆ, ಅವಳೂ ನನ್ನನ್ನು ನೋಡುತ್ತಿದ್ದಳು ಎಂದು ಹೊಳೆದೇ ಇರಲಿಲ್ಲ.

ವಿಯೆನ್ನಾದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಇನ್ನೂ ಮಾತಾಡಿದೆವು. ಮುಂದಿನ ರೈಲು ತಡವಾಗಿ ಬರಲಿ ದೇವರೇ ಎಂದು ಬೇಡಿಕೊಂಡೆ. ಅದು ಸರಿಯಾದ ಹೊತ್ತಿಗೇ ಬಂತು. ನಮ್ಮವರು ಗೆದ್ದು ಬಂದವರಂತೆ ಇಳಿದರು. ಕೈಯಲ್ಲಿ ಅದೇ ಬಾಟಲಿ, ಖಾಲಿ.

"ನೀರೆಲ್ಲೋ?" ಎಂದರು ಅತ್ತೆ.

"ನಲ್ಲಿ ಸಿಗ್ಲಿಲ್ಲ," ಎಂದರು.

ಹಿಂದಿನ ಸೀಟು

ಜುಲೈಯಲ್ಲಿ ಅತ್ತೆ ಮೈಸೂರಿಗೆ ವಾಪಸಾದರು. ಆಗಸ್ಟಿನಲ್ಲಿ ಮಗಳನ್ನು ಕಾಲೇಜಿಗೆ ಬಿಡಲು ಹೋದೆವು. ಕಾರಿನಲ್ಲೇ. ದಿಂಬು, ಬಕೆಟ್ಟು, ಪುಟ್ಟ ಫ್ರಿಜ್ಜು, ಇದನ್ನೆಲ್ಲ ಹೊತ್ತುಕೊಂಡು ಯಾವ ರೈಲು ಹತ್ತುವುದು? ಅವಳು ಹಿಂದಿನ ಸೀಟಿನಲ್ಲಿ ಸಾಮಾನಿನ ನಡುವೆ ಹುದುಗಿ ಕೂತಿದ್ದಳು, ಹೆಡ್‌ಫೋನಿಲ್ಲದೆ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಾಗಲೆಲ್ಲ, "ಟ್ರಕ್?" ಎಂದು ಕೇಳುತ್ತಿದ್ದಳು. ನಾನು ಹುಬ್ಬು ಸಡಿಲಿಸುತ್ತಿದ್ದೆ.

ಮರುದಿನ ಹಿಂತಿರುಗುವಾಗ ನಾನೇ ಡ್ರೈವ್ ಮಾಡುತ್ತಿದ್ದೆ. ಅಭ್ಯಾಸಬಲ, ಕಣ್ಣು ಮತ್ತೆ ಮತ್ತೆ ಕನ್ನಡಿಗೆ ಹೋಗುತ್ತಿತ್ತು. ಶಾರ್ಲಟ್ ದಾಟಿ ಸೌತ್ ಕೆರೊಲಿನಾಕ್ಕೆ ಬರುವಷ್ಟರಲ್ಲಿ ನಾನು ಮೂರು ಸಲ ಕಣ್ಣೊರೆಸಿಕೊಂಡಿದ್ದೆ. ನಮ್ಮವರು ಅದನ್ನು ನೋಡಿಯೂ ನೋಡದವರ ಹಾಗಿದ್ದರು. ಕೊನೆಗೆ, "ಬೇಕಾದ್ರೆ ನಾನು ಹಿಂದೆ ಹೋಗಿ ಕೂತ್ಕೊಳ್ಲಾ?" ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಅವರು ಹೇಳಿದ ಅತಿ ಚೆಂದದ ಮಾತು ಅದು. ಕಾರು ನಿಲ್ಲಿಸಿದೆ. ಹಿಂದಿನ ಸೀಟಿಗೆ ಹೋದರು. ಕನ್ನಡಿಯಲ್ಲಿ ಅವರ ಬೋಳುತಲೆ ಕಾಣಿಸಿತು. ಮಗಳ ಜಾಗಕ್ಕೆ ಅದು ಸಮನಲ್ಲ, ಆದರೆ ಖಾಲಿಗಿಂತ ವಾಸಿ. ಹತ್ತು ನಿಮಿಷದಲ್ಲಿ ಅವರು ಮಗಳು ಬೇಡವೆಂದು ಬಿಟ್ಟುಹೋದ ರಜಾಯಿ ಹೊದ್ದು ಮಲಗಿಬಿಟ್ಟರು.

ದೊಡ್ಡ ಪೀಚ್ ಹಣ್ಣಿನಂಥ ನೀರಿನ ಟ್ಯಾಂಕು ದಾಟಿದ ಮೇಲೆ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಪೆಟ್ರೋಲ್ ತುಂಬಿಸಿ, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಹಿಂದೆ ರಜಾಯಿಯ ಗುಡ್ಡೆ ಹಾಗೇ ಇತ್ತು. ಎಬ್ಬಿಸುವುದು ಬೇಡವೆಂದು ಮೆಲ್ಲಗೆ ಬಾಗಿಲು ಹಾಕಿ ಹೊರಟೆ.

ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಫೋನು ಬಂತು. ಇಲ್ಲಿ ಅಂಥ ಫೋನು ಬಂದರೆ ಕಾರಿನ ವಾರಂಟಿ ಮಾರುವವರೇ. ಎರಡು ಸಲವೂ ಕಟ್ ಮಾಡಿದೆ. ಮೂರನೆಯ ಸಲ ಮಗಳ ಹೆಸರು ಬಂತು. ಬಿಟ್ಟು ಬಂದು ಒಂದು ದಿನವೂ ಆಗಿಲ್ಲ, ತಾನಾಗಿಯೇ ಫೋನು! ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಅಪ್ಪ ಎಲ್ಲಿ?"

"ಹಿಂದೆ ಮಲಗಿದಾರೆ ಪುಟ್ಟಾ. ಮೆಲ್ಲಗೆ ಮಾತಾಡು."

ಆ ಕಡೆಯಿಂದ ನಗು. ಲಿಂಜ್ ಸ್ಟೇಷನ್ನಿನ ಅದೇ ನಗು, ನಿಲ್ಲಿಸಲಾಗದ್ದು.

"ಅಮ್ಮಾ, ಆ ಬ್ಲಾಂಕೆಟ್ ಒಳಗೆ ಯಾರೂ ಇಲ್ಲ. ಅಪ್ಪ ಗ್ಯಾಸ್ ಸ್ಟೇಷನ್‌ನಲ್ಲಿದಾರೆ. ಫೋನ್ ಕಾರಲ್ಲೇ ಇದೆಯಂತೆ. ಅಂಗಡಿಯವರ ಫೋನಿಂದ ಕಾಲ್ ಮಾಡಿದ್ರೆ ನೀನು ಎರಡು ಸಲ ಕಟ್ ಮಾಡಿದ್ಯಂತೆ."

"ಅಯ್ಯೋ ದೇವರೇ! ಏನಂದ್ರು?"

"ನೆಕ್ಸ್ಟ್ ಟ್ರೈನಿಗೆ ಬರ್ತೀನಿ, ಸೀಟ್ ಹಿಡ್ಕೊಂಡಿರು ಅಂದ್ರು."

ಮುಂದಿನ ಎಗ್ಸಿಟ್ ಸಿಗುವವರೆಗೂ, ಅಲ್ಲಿಂದ ತಿರುಗಿ ಬರುವವರೆಗೂ ಅವಳು ಫೋನಿಡಲಿಲ್ಲ. ರೂಮಿನ ಹುಡುಗಿ ಒಳ್ಳೆಯವಳಂತೆ. ಅಜ್ಜಿ ಊರಿಗೆ ಹೋಗುವ ಮುಂಚೆ ಕರಿದಿಟ್ಟಿದ್ದ ಕೋಡುಬಳೆ ಅವಳಿಗೂ ಹಿಡಿಸಿತಂತೆ. ನಾನು ನಿಧಾನವಾಗಿಯೇ ಓಡಿಸಿದೆ. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.

ಗ್ಯಾಸ್ ಸ್ಟೇಷನ್ನಿನ ಮುಂದೆ ನಮ್ಮವರು ನಿಂತಿದ್ದರು. ನನ್ನ ಕಾರು ಕಂಡ ಕೂಡಲೇ ಕೈ ಎತ್ತಿ ಟಾಟಾ ಮಾಡಿದರು. ಕೈಯಲ್ಲಿ ಅದೇ ಬಾಟಲಿ.

ಈ ಸಲ ತುಂಬಿತ್ತು.